ಓದುಗರು ಕೇಳಿದ್ದು: ಮನೆಯಲ್ಲಿ ಕೋವಿ ಲಾಕರ್

ಮುಂಗಾರು ಹತ್ತಿರವಾಗುತ್ತಿದ್ದಂತೆ ಕೋವಿ ಇರುವ ಮನೆಗಳಿಂದ ಪತ್ರಗಳು ಹೆಚ್ಚು ಬರುತ್ತವೆ. ಈ ಸಂಚಿಕೆಗೆ ಕೊಡಗು, ಮಲೆನಾಡು, ಸುಳ್ಯದ ಕಡೆಯ ಓದುಗರ ಜೊತೆಗೆ ಬೆಂಗಳೂರಿನವರೊಬ್ಬರ ಪ್ರಶ್ನೆಯನ್ನೂ ಆರಿಸಿಕೊಂಡಿದ್ದೇವೆ. ಎಲ್ಲ ಉತ್ತರಗಳಿಗೂ ಅನ್ವಯಿಸುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಕೋವಿ ಲಾಕರಿನೊಳಗೆ ಹೋಗುವ ಮುಂಚೆ ನಳಿಗೆ ಖಾಲಿ ಇದೆಯೆಂದು ಕಣ್ಣಿಂದ ನೋಡಿ, ತೋಟಾ ಕೂರುವ ಜಾಗಕ್ಕೆ ಬೆರಳಿಟ್ಟು ಮುಟ್ಟಿ ಖಚಿತ ಮಾಡಿಕೊಳ್ಳಲೇಬೇಕು. ನಿನ್ನೆ ತಾನೇ ಖಾಲಿ ಮಾಡಿದ್ದೆ ಎಂಬ ನೆನಪನ್ನು ನಂಬಬೇಡಿ.

ಪ್ರಶ್ನೆ: ನಮ್ಮಲ್ಲಿ ಜೋಡುನಳಿಗೆಯ 12 ಬೋರ್ ಕೋವಿ ಒಂದಿದೆ. ಇದುವರೆಗೆ ಬಟ್ಟೆಯ ಸ್ಟೀಲ್ ಬೀರುವಿನಲ್ಲೇ ಇಟ್ಟಿದ್ದೇವೆ. ಬೇರೆ ಲಾಕರ್ ಬೇಕೇ? ಬೇಕಾದರೆ ಎಷ್ಟು ದೊಡ್ಡದು? — ಸೋಮವಾರಪೇಟೆ ತಾಲ್ಲೂಕಿನ ಓದುಗರು

ಬೇಕು. ಬಟ್ಟೆ ಬೀರುವಿನ ತಗಡು ಸಾಮಾನ್ಯವಾಗಿ 20ರಿಂದ 22 ಗೇಜ್, ಅಂದರೆ 0.7ರಿಂದ 0.9 ಮಿ.ಮೀ. ದಪ್ಪ. ಬಾಗಿಲ ಸಂದಿಗೆ ಹಾರೆಯ ತುದಿ ತೂರಿಸಿ ಒತ್ತಿದರೆ ಬೀಗ ಎಷ್ಟೇ ಗಟ್ಟಿಯಾಗಿರಲಿ, ತಗಡೇ ಬಾಗಿ ಬಾಗಿಲು ಕಿತ್ತು ಬರುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬೀರು ಎಂದರೆ ಮನೆಮಂದಿಯೆಲ್ಲ ದಿನವೂ ತೆರೆಯುವ ಜಾಗ. ಸೀರೆಗೆಂದು, ದುಡ್ಡಿಗೆಂದು ಬೀಗದ ಕೈ ಒಬ್ಬರಿಂದ ಒಬ್ಬರಿಗೆ ಹೋಗುತ್ತಲೇ ಇರುತ್ತದೆ. ಕೋವಿಯ ಬೀಗದ ಕೈ ಹಾಗೆ ಓಡಾಡುವಂತಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿಗೆ ಅರ್ಜಿ ಹಾಕುವವರು ಕೋವಿಯನ್ನು ಸುರಕ್ಷಿತವಾಗಿ ಬಳಸುತ್ತೇವೆ, ಸುರಕ್ಷಿತವಾಗಿ ಇಡುತ್ತೇವೆ ಎಂದು ಮುಚ್ಚಳಿಕೆ ಬರೆದುಕೊಡುತ್ತಾರೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ನೀವು ಆ ವಿನಾಯಿತಿಯಲ್ಲಿದ್ದರೂ ಇಲ್ಲಿ ಹೇಳುವುದನ್ನೆಲ್ಲ ಹಾಗೇ ಪಾಲಿಸಿ. ಕದ್ದ ಕೋವಿ ಯಾರ ಕೈಗೆ ಸೇರುತ್ತದೆ ಎನ್ನುವುದಕ್ಕೆ ನಿಮ್ಮ ವಿನಾಯಿತಿ ಪತ್ರ ಅಡ್ಡ ಬರುವುದಿಲ್ಲ.

ಅಳತೆಯ ವಿಷಯ. ಅಂಗಡಿಗೆ ಹೋಗುವ ಮುಂಚೆ ಬಟ್‌ನಿಂದ ನಳಿಗೆಯ ಬಾಯಿವರೆಗೆ ಟೇಪು ಹಿಡಿಯಿರಿ. 30 ಇಂಚಿನ ನಳಿಗೆಯ ಜೋಡುನಳಿಗೆ ಕೋವಿ ಒಟ್ಟು ಸುಮಾರು 46–47 ಇಂಚು ಬರುತ್ತದೆ. ನಿಲ್ಲಿಸಿ ಇಡುವುದಾದರೆ ಲಾಕರಿನ ಒಳ ಎತ್ತರ 50 ಇಂಚಾದರೂ ಇರಲಿ. ಮಾರುವವರು ಹೇಳುವುದು ಹೊರ ಅಳತೆ, ನೀವು ಕೇಳಬೇಕಾದದ್ದು ಒಳ ಅಳತೆ. ಮೇಲೆ ತೋಟಾ ಇಡುವ ಖಾನೆ ಇದ್ದರೆ ಅದರ ಎತ್ತರವನ್ನೂ ಕಳೆದು ನೋಡಿ. ಈ ಖಾನೆಯನ್ನು ಮರೆತು ಲಾಕರ್ ತಂದು, ಕೋವಿಯನ್ನು ಓರೆಯಾಗಿ ತುರುಕುವವರು ಬಹಳ. ಓರೆಯಾಗಿ ನಿಂತ ಕೋವಿಯ ನಳಿಗೆ ಬಾಗಿಲ ಸರಳಿಗೆ ಉಜ್ಜಿ ಬಣ್ಣ ಹೋಗುತ್ತದೆ, ಅಲ್ಲಿಂದಲೇ ತುಕ್ಕು ಶುರು.

ನಿಮ್ಮಲ್ಲಿರುವಂಥ ಮಡಚುವ ಕೋವಿಗೆ ಇನ್ನೊಂದು ದಾರಿಯೂ ಇದೆ. ಅದನ್ನು ಮೂರು ಭಾಗ ಮಾಡಬಹುದು: ನಳಿಗೆ, ನಳಿಗೆಯ ಅಡಿಯ ಫೋರ್‌ಎಂಡ್, ಬಟ್ ಇರುವ ಹಿಂಭಾಗ. ಬಿಚ್ಚಿದಾಗ ಅತಿ ಉದ್ದದ ಭಾಗ ನಳಿಗೆಯೇ, 30 ಇಂಚು. ಆಗ 34 ಇಂಚು ಒಳ ಎತ್ತರದ ಲಾಕರ್ ಸಾಕು. ಅಂಥದ್ದು ಗೋಡೆಯ ಕಪಾಟಿನೊಳಗೆ ಕೂರುತ್ತದೆ, ಬಂದವರ ಕಣ್ಣಿಗೆ ಬೀಳುವುದಿಲ್ಲ. ಫೋರ್‌ಎಂಡನ್ನು ಬೇರೆ ಬೀಗದ ಪೆಟ್ಟಿಗೆಯಲ್ಲಿಟ್ಟರೆ ಕದ್ದವರಿಗೆ ಪೂರ್ತಿ ಕೋವಿಯೂ ಸಿಗುವುದಿಲ್ಲ. ಮದ್ದು ತುಂಬಿಸುವ ಹಳೆಯ ಕೇಪಿನ ಕೋವಿಯನ್ನು ಮಾತ್ರ ಹೀಗೆ ದಿನವೂ ಬಿಚ್ಚಲು ಹೋಗಬೇಡಿ, ಮರದ ಕಂಡಿಗಳು ಸಡಿಲವಾಗುತ್ತವೆ. .315 ರೈಫಲ್ ಇದ್ದವರು ಬೋಲ್ಟ್ ತೆಗೆದು ಪ್ರತ್ಯೇಕವಾಗಿ ಬೀಗ ಹಾಕಿಡಿ. ಅದಕ್ಕೆ ದುರ್ಬೀನು ಕೂರಿಸಿದ್ದರೆ ಒಂದು ರೈಫಲಿಗೆ ಆರು ಇಂಚು ಅಗಲ ಲೆಕ್ಕ ಹಾಕಿ.

ಪ್ರಶ್ನೆ: ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಬಹುದೇ? ಏನು ಹೇಳಿ ಮಾಡಿಸಬೇಕು? — ತೀರ್ಥಹಳ್ಳಿ

ಧಾರಾಳವಾಗಿ ಮಾಡಿಸಬಹುದು. ಒಳ್ಳೆಯ ಕೆಲಸಗಾರ ಸಿಕ್ಕರೆ ಪೇಟೆಯಲ್ಲಿ ಸಿಗುವ ತೆಳು ಡಿಜಿಟಲ್ ಲಾಕರ್‌ಗಳಿಗಿಂತ ಎಷ್ಟೋ ಗಟ್ಟಿಯಾದದ್ದು ಆಗುತ್ತದೆ. ಆದರೆ 'ಗಟ್ಟಿಯಾಗಿ ಮಾಡಿ' ಎಂದಷ್ಟೇ ಹೇಳಿ ಬಂದರೆ ಆಗದು. ಈ ವಿವರಗಳನ್ನು ಕಾಗದದಲ್ಲಿ ಬರೆದು ಕೊಡಿ.

ತಗಡು 3 ಮಿ.ಮೀ. ಇರಲಿ. ಬ್ರಿಟನ್ನಿನ ಕೋವಿ ಕ್ಯಾಬಿನೆಟ್ ಮಾನದಂಡ ಬಿಎಸ್ 7558 ಕೇಳುವುದು ಕನಿಷ್ಠ 2 ಮಿ.ಮೀ. ಕೈಕೆಲಸದಲ್ಲಿ ಮೂಲೆಗಳು ಕಾರ್ಖಾನೆಯಷ್ಟು ಬಿಗಿಯಾಗಿ ಬರುವುದಿಲ್ಲವಾದ್ದರಿಂದ ಒಂದು ಮಿ.ಮೀ. ಹೆಚ್ಚಿಗೆ ಹಾಕಿಸುವುದು ಒಳ್ಳೆಯದು. ಮೂಲೆಗಳ ವೆಲ್ಡಿಂಗ್ ಉದ್ದಕ್ಕೂ ಒಂದೇ ಸಮನೆ ಬರಬೇಕು. ಅಲ್ಲಲ್ಲಿ ಟಾಕಾ ಹಾಕಿ ಪುಟ್ಟಿ ಮೆತ್ತಿದರೆ ಹಾರೆಗೆ ಬಾಯಿ ಬಿಡುತ್ತದೆ. ಬಾಗಿಲು ಚೌಕಟ್ಟಿನ ಮೇಲೆ ಕೂರಬಾರದು, ಒಳಗೆ ಇಳಿದು ಕೂರಬೇಕು. ಸುತ್ತಲಿನ ಸಂದಿ 2 ಮಿ.ಮೀ. ದಾಟಬಾರದು. ಚೌಕಟ್ಟಿನ ಒಳ ಅಂಚನ್ನು ಮಡಚಿಸಿ ಅಥವಾ ಆಂಗಲ್ ಕೊಟ್ಟು ವೆಲ್ಡ್ ಮಾಡಿಸಿ, ಬಾಗಿಲನ್ನು ಮೀಟುವಾಗ ತಡೆಯುವುದು ಅದೇ.

ಬೀಗ ತಿರುಗಿಸಿದಾಗ ಮೇಲೆ, ಕೆಳಗೆ, ಪಕ್ಕಕ್ಕೆ ಮೂರು ಕಡೆ 16 ಮಿ.ಮೀ. ದಪ್ಪದ ಸರಳು ಹೋಗಬೇಕು. ಹಿಂಜ್ ಇರುವ ಬದಿಗೆ ಬಾಗಿಲ ಒಳಗಡೆ ಒಂದು ಪಟ್ಟಿಯನ್ನು ಖಾಯಂ ಆಗಿ ವೆಲ್ಡ್ ಮಾಡಿಸಿ. ಬಾಗಿಲು ಮುಚ್ಚಿದಾಗ ಅದು ಚೌಕಟ್ಟಿನ ಹಿಂದೆ ಸೇರಿಕೊಳ್ಳುತ್ತದೆ, ಹೊರಗಿನ ಹಿಂಜನ್ನು ಯಾರಾದರೂ ಕತ್ತರಿಸಿದರೂ ಬಾಗಿಲು ಬರುವುದಿಲ್ಲ. ಬಹುಪಾಲು ಊರಿನ ಲಾಕರ್‌ಗಳಲ್ಲಿ ಇರದ ಭಾಗ ಇದೇ. ಬೀಗದ ಹಿಂದೆ ಡ್ರಿಲ್ ಹೋಗದ ಗಡಸು ಉಕ್ಕಿನ ಪ್ಲೇಟು, ತಳದಲ್ಲಿ ನಾಲ್ಕು, ಬೆನ್ನಿನಲ್ಲಿ ನಾಲ್ಕು 12 ಮಿ.ಮೀ. ತೂತು. ತೂತಿನ ಸುತ್ತ ಒಳಗಡೆ 6 ಮಿ.ಮೀ. ದಪ್ಪದ ತುಂಡು ಪ್ಲೇಟು ಕೂರಿಸಿದರೆ ಬೋಲ್ಟಿನ ತಲೆ ತಗಡನ್ನು ಹರಿದುಕೊಂಡು ಬರುವುದಿಲ್ಲ.

ಬಣ್ಣಕ್ಕೆ ಮುಂಚೆ ತುಕ್ಕು ತೆಗೆಯಲು ಆಸಿಡ್ ಬಳಸಿದ್ದರೆ ಚೆನ್ನಾಗಿ ನೀರು ಹಾಕಿ ತೊಳೆದು ಒಣಗಿಸಿ, ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್ ಬಳಿಸಿ. ಸಂದಿಯಲ್ಲಿ ಉಳಿದ ಆಸಿಡ್ ಒಳಗಿನ ಕೋವಿಗೂ ತುಕ್ಕು ಹಿಡಿಸುತ್ತದೆ. ಬಣ್ಣವಾದ ಮೇಲೆ ಎರಡು ವಾರ ಬಾಗಿಲು ತೆರೆದಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಕೋವಿ ಇಡಿ.

ತೂಕದ ಅಂದಾಜು ಬೇಕಾದರೆ, 3 ಮಿ.ಮೀ. ತಗಡು ಚದರ ಮೀಟರಿಗೆ ಸುಮಾರು 23.5 ಕೆ.ಜಿ. 135 ಸೆಂ.ಮೀ. ಎತ್ತರ, 35 ಅಗಲ, 30 ಆಳದ ಲಾಕರಿಗೆ ಎರಡು ಚದರ ಮೀಟರಿನಷ್ಟು ತಗಡು ಹೋಗುತ್ತದೆ. ಬೀಗ, ಸರಳು, ಪಟ್ಟಿ ಸೇರಿ 55 ಕೆ.ಜಿ. ಆಸುಪಾಸು. ಕೇಳಲು ಭಾರ ಎನಿಸುತ್ತದೆ, ಆದರೆ ಇಬ್ಬರು ಎತ್ತಿ ಜೀಪಿಗೆ ಹಾಕುವಷ್ಟೇ ಭಾರ. ಬೋಲ್ಟ್ ಹಾಕದ ಲಾಕರನ್ನು ಮನೆಯಲ್ಲಿ ಒಡೆಯುವ ಕಷ್ಟ ಕಳ್ಳರಿಗಿಲ್ಲ, ಹೊತ್ತೊಯ್ದು ನಿಧಾನವಾಗಿ ಒಡೆಯುತ್ತಾರೆ.

ಪ್ರಶ್ನೆ: ಅಡಿಕೆ ತೋಟದವರು ನಾವು. ಬೆರಳಚ್ಚಿನ ಲಾಕರ್ ತಂದರೆ ಬೀಗದ ಕೈ ಕಾಯುವ ಗೋಜಿಲ್ಲ ಎನ್ನುತ್ತಾರೆ. ತರಬಹುದೇ? — ಕೊಪ್ಪ

ನಿಮಗೆ ಬೇಡ. ಅಡಿಕೆ ಸುಲಿದ, ಕತ್ತಿ ಹಿಡಿದ ಕೈಯ ಬೆರಳಚ್ಚು ಸವೆದಿರುತ್ತದೆ. ಮಳೆಯಲ್ಲಿ ನೆನೆದು ಸುಕ್ಕಾದ ಬೆರಳನ್ನು ಯಂತ್ರ ಗುರುತಿಸುವುದೇ ಇಲ್ಲ. ಹೀಗೆ ಎರಡು ಸಲ ತಿರಸ್ಕರಿಸಿದ ಮೇಲೆ ಜನ ಬೇಸತ್ತು ಲಾಕರನ್ನು ಬೀಗ ಹಾಕದೆ ಬಿಡಲು ಶುರುಮಾಡುತ್ತಾರೆ. ಅಪಾಯ ಅಲ್ಲಿದೆ.

ನಂಬರ್ ಒತ್ತುವ ಡಿಜಿಟಲ್ ಬೀಗ ಆಗಬಹುದು, ಆದರೆ ಅಗ್ಗದ್ದು ಬೇಡ. ಕಡಿಮೆ ಬೆಲೆಯ ಲಾಕರ್‌ಗಳಲ್ಲಿ ಸರಳನ್ನು ತಡೆದು ಹಿಡಿಯುವುದು ವಿದ್ಯುತ್ತಿನಿಂದ ಸರಿಯುವ ಒಂದು ಸಣ್ಣ ಸೊಲೆನಾಯ್ಡ್ ಕಡ್ಡಿ. ಮೇಲಿನಿಂದ ಗುದ್ದಿ ಅದೇ ಕ್ಷಣ ಹಿಡಿ ತಿರುಗಿಸಿದರೆ ಕಡ್ಡಿ ಹಾರಿ ಬಾಗಿಲು ತೆರೆಯುವ ಮಾದರಿಗಳಿವೆ. ಅಂಗಡಿಯಲ್ಲೇ ಬೀಗ ಹಾಕಿಸಿ, ಮೇಲ್ಭಾಗಕ್ಕೆ ಮುಷ್ಟಿಯಿಂದ ಗುದ್ದುತ್ತ ಹಿಡಿ ತಿರುಗಿಸಿ ನೋಡಿ. ತೆರೆದರೆ ಅಲ್ಲೇ ಬಿಟ್ಟು ಬನ್ನಿ. ಕಾರ್ಖಾನೆಯಿಂದ ಬಂದ ಮಾಸ್ಟರ್ ನಂಬರನ್ನು ಮೊದಲ ದಿನವೇ ಬದಲಿಸಿ. ತುರ್ತಿಗೆಂದು ಕೊಟ್ಟ ಬೀಗದ ಕೈಯನ್ನು ಲಾಕರಿನ ಒಳಗೇ ಇಡಬೇಡಿ, ಬ್ಯಾಟರಿ ಮುಗಿದ ದಿನ ಅದು ಹೊರಗೆ ಬೇಕು. ಬ್ಯಾಟರಿಯನ್ನು ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಬದಲಿಸಿ. ಹಳೆಯ ಬ್ಯಾಟರಿ ಸೋರಿ ಒಳಗಿನ ತಂತಿ ತಿಂದುಹಾಕುತ್ತದೆ.

ನಮ್ಮ ಆಯ್ಕೆ ಎರಡು ಕಡೆ ಹಲ್ಲಿರುವ ಬೀಗದ ಕೈಯ, ಏಳು ಲಿವರಿನ ಬೀಗ. ಅದಕ್ಕೆ ವಿದ್ಯುತ್ ಬೇಡ, ತೇವಕ್ಕೆ ಕೆಡುವುದೂ ಕಡಿಮೆ. ವರ್ಷಕ್ಕೊಮ್ಮೆ ಗ್ರಾಫೈಟ್ ಪುಡಿ ಊದಿದರೆ ಸಾಕು, ಎಣ್ಣೆ ಬಿಡಬೇಡಿ, ದೂಳು ಹಿಡಿದು ಲಿವರ್ ಅಂಟುತ್ತದೆ. ಬೀಗದ ಕೈಯನ್ನು ಕ್ಯಾಲೆಂಡರಿನ ಹಿಂದೆ, ದೇವರ ಪಟದ ಹಿಂದೆ, ಅಕ್ಕಿ ಡಬ್ಬಿಯಲ್ಲಿ ಇಡುವುದು ಮನೆಯ ಮಕ್ಕಳಿಗೂ ಗೊತ್ತು, ಕಳ್ಳರಿಗೂ ಗೊತ್ತು. ಅದು ಪರವಾನಗಿದಾರರ ಸೊಂಟದಲ್ಲೋ ಜೇಬಿನಲ್ಲೋ ಇರಲಿ. ಎರಡನೆಯದನ್ನು ಬ್ಯಾಂಕ್ ಲಾಕರಿನಲ್ಲಿಡಿ.

ಪ್ರಶ್ನೆ: ಲಾಕರನ್ನು ನೆಲಕ್ಕೆ ನಾಲ್ಕು ಬೋಲ್ಟ್ ಹಾಕಿ ಕೂರಿಸಿದ್ದೆವು. ಅಲುಗಿಸಿದರೆ ಟೈಲ್ಸ್ ಸಮೇತ ಎದ್ದು ಬಂತು. ಗೋಡೆ ಮುರಕಲ್ಲಿನದು. ಏನು ಮಾಡುವುದು? — ಸುಳ್ಯ

ನಿಮ್ಮ ಬೋಲ್ಟ್ ಕಾಂಕ್ರೀಟನ್ನು ಸರಿಯಾಗಿ ಹಿಡಿದೇ ಇರಲಿಲ್ಲ. ಟೈಲ್ಸ್ ನೆಲದ ಪದರಗಳನ್ನು ಲೆಕ್ಕ ಹಾಕಿ ನೋಡಿ. ಟೈಲ್ಸ್ 10 ಮಿ.ಮೀ., ಅದರಡಿಯ ಗಾರೆ 40 ಮಿ.ಮೀ. ಅಥವಾ ಇನ್ನೂ ಹೆಚ್ಚು, ಅದರ ಕೆಳಗೆ ಕಾಂಕ್ರೀಟು. ಹಾರ್ಡ್‌ವೇರ್ ಅಂಗಡಿಯವರು ಕೊಡುವ 75 ಮಿ.ಮೀ. ಆಂಕರ್ ಬೋಲ್ಟಿನಲ್ಲಿ ಲಾಕರಿನ ತಗಡು, ವಾಷರ್, ನಟ್ಟು ಕಳೆದರೆ ನೆಲದೊಳಗೆ ಹೋಗುವುದು 55–60 ಮಿ.ಮೀ. ಅದರ ಹಿಗ್ಗುವ ತುದಿಯ ಬಹುಭಾಗ ಗಾರೆಯಲ್ಲೇ ಉಳಿಯುತ್ತದೆ. ಗಾರೆಗೆ ಎಳೆತ ತಡೆಯುವ ಶಕ್ತಿ ಇಲ್ಲ.

ಬೇಕಾದ ಉದ್ದ ಹೀಗೆ: ಟೈಲ್ಸ್ 10, ಗಾರೆ 40, ಕಾಂಕ್ರೀಟಿನೊಳಗೆ 60, ಲಾಕರಿನ ತಳ 3, ಅಡಿಯ ರಬ್ಬರ್ ಶೀಟು 5, ವಾಷರ್ ಮತ್ತು ನಟ್ಟಿಗೆ 12. ಒಟ್ಟು 130 ಮಿ.ಮೀ. ದಪ್ಪ 10 ಅಥವಾ 12 ಮಿ.ಮೀ. ಯಾವ ಬಿಟ್ ಎನ್ನುವುದು ಆಂಕರಿನ ಮಾದರಿಗೆ ತಕ್ಕಂತೆ ಬದಲಾಗುತ್ತದೆ, ಪೊಟ್ಟಣದ ಮೇಲೆ ಬರೆದದ್ದನ್ನೇ ಬಳಸಿ. ಟೈಲ್ಸನ್ನು ಹ್ಯಾಮರ್ ಒತ್ತದೆ ಟೈಲ್ಸ್ ಬಿಟ್ಟಿನಿಂದ ತೂತು ಮಾಡಿ, ಆಮೇಲೆ ಹ್ಯಾಮರ್ ಡ್ರಿಲ್ ಹಾಕಿ. ಗಾರೆಯಲ್ಲಿ ಬಿಟ್ ಸರಸರನೆ ಇಳಿಯುತ್ತದೆ. ಕಾಂಕ್ರೀಟ್ ಸಿಕ್ಕಾಗ ವೇಗ ಒಮ್ಮೆಗೇ ತಗ್ಗಿ ಜಲ್ಲಿಗೆ ತಾಗುವ ಸದ್ದು ಬರುತ್ತದೆ. ಅಲ್ಲಿಂದ 60 ಮಿ.ಮೀ. ಎಣಿಸಿ. ಹಳೆಯ ಮನೆಗಳಲ್ಲಿ ನೆಲದಡಿ ಕಾಂಕ್ರೀಟೇ ಇರದೆ ಬಿಟ್ ಮಣ್ಣಿಗೆ ಇಳಿದರೆ ಅಲ್ಲಿಗೆ ನಿಲ್ಲಿಸಿ, ಕೆಳಗೆ ಹೇಳುವ ಅಡಿಪಾಯದ ದಾರಿ ಹಿಡಿಯಿರಿ.

ತೂತಿನ ದೂಳು ತೆಗೆಯುವುದನ್ನು ಯಾರೂ ಲಕ್ಷ್ಯಕ್ಕೆ ತರುವುದಿಲ್ಲ. ದೂಳು ಉಳಿದರೆ ಬೋಲ್ಟ್ ಹಿಗ್ಗಿದರೂ ಜಾರುತ್ತದೆ. ಬ್ರಷ್ ಆಡಿಸಿ, ಪಂಪಿನಿಂದ ಊದಿ, ಮತ್ತೊಮ್ಮೆ ಹಾಗೇ ಮಾಡಿ. ಬಿಗಿಯುವ ಮುಂಚೆ ಮಟ್ಟದ ಗುಳ್ಳೆ ಇಟ್ಟು ನೋಡಿ, ಓರೆ ಇದ್ದ ಕಡೆ ವಾಷರ್ ಕೊಟ್ಟು ಸಮ ಮಾಡಿ. ಓರೆ ನೆಲಕ್ಕೆ ಹಾಗೇ ಬಿಗಿದರೆ ಪೆಟ್ಟಿಗೆ ತಿರುಚಿಕೊಂಡು ಬಾಗಿಲು ಹಿಡಿಯುತ್ತದೆ. ಆಗ ಬೀಗ ಕೆಟ್ಟಿದೆಯೆಂದು ಬೀಗದವರನ್ನು ಕರೆಸುತ್ತಾರೆ, ಕೆಟ್ಟಿರುವುದು ತಳದ ಮಟ್ಟ. ನಾಲ್ಕೂ ಬೋಲ್ಟನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ತೂತಿನ ಸುತ್ತ ಸಿಲಿಕಾನ್ ಸೀಲೆಂಟ್ ಹಚ್ಚಿದರೆ ನೆಲದ ತಂಡಿ ಮೇಲೆ ಬರುವುದಿಲ್ಲ.

ಇನ್ನು ಮುರಕಲ್ಲಿನ ಗೋಡೆ. ಹಿಗ್ಗುವ ಬೋಲ್ಟ್ ಅದಕ್ಕೆ ಆಗದು. ಕಲ್ಲು ರಂಧ್ರ ರಂಧ್ರವಾಗಿರುವುದರಿಂದ ಬೋಲ್ಟ್ ಹಿಗ್ಗಿದಾಗ ಸುತ್ತಲಿನದು ಪುಡಿಯಾಗಿ ಉದುರುತ್ತದೆ. ಎರಡು ದಾರಿಗಳಿವೆ. ಒಂದು, ರಾಳದ ಆಂಕರ್, ಅಂದರೆ ಗಟ್ಟಿಯಾಗುವ ಅಂಟಿನಿಂದ ರಾಡನ್ನು ತೂತಿನಲ್ಲಿ ಕೂರಿಸುವುದು: 12 ಮಿ.ಮೀ. ಥ್ರೆಡ್ ರಾಡಿಗೆ 14 ಮಿ.ಮೀ. ತೂತು, 120 ಮಿ.ಮೀ. ಆಳ. ತಳದಿಂದ ಶುರುಮಾಡಿ ಮೂರರಲ್ಲಿ ಎರಡು ಭಾಗ ರಾಳ ತುಂಬಿ, ರಾಡನ್ನು ತಿರುಗಿಸುತ್ತ ಒಳಗೆ ತಳ್ಳಿ. ಬಾಯಿಂದ ರಾಳ ಹೊರಗೆ ಬಂದರೆ ಸರಿಯಾಗಿ ತುಂಬಿದೆ ಎಂದರ್ಥ. ತುಂಬುತ್ತಲೇ ಹೋದರೂ ಹೊರಬರದಿದ್ದರೆ ಒಳಗೆ ಪೊಳ್ಳಿದೆ, ರಾಳವನ್ನು ಹಿಡಿದಿಡುವ ಜಾಲರಿ ಕೊಳವೆ (ಮೆಶ್ ಸ್ಲೀವ್) ಬೇಕು. ಟ್ಯೂಬಿನ ಮೇಲೆ ಬರೆದ ಹೊತ್ತು ಕಳೆಯುವವರೆಗೆ ನಟ್ಟು ಮುಟ್ಟಬೇಡಿ.

ಇನ್ನೊಂದು, ಗೋಡೆಯ ಆಚೆ ಬದಿವರೆಗೆ ರಾಡ್ ಹಾಯಿಸಿ ಅಲ್ಲಿ 100 × 100 × 6 ಮಿ.ಮೀ. ಪ್ಲೇಟು ಕೊಡುವುದು. ನಮ್ಮ ಮಟ್ಟಿಗೆ ಮುರಕಲ್ಲಿಗೂ ಮಣ್ಣಿನ ಗೋಡೆಗೂ ಇದೇ ಉತ್ತಮ. ಆದರೆ ಆಚೆ ಬದಿಯಲ್ಲಿ ನಟ್ಟು ಹಾಕಬೇಡಿ. ರಾಡನ್ನು ಪ್ಲೇಟಿಗೆ ವೆಲ್ಡ್ ಮಾಡಿಸಿ, ನಟ್ಟು ಲಾಕರಿನ ಒಳಗೆ ಬರಲಿ. ಇಲ್ಲದಿದ್ದರೆ ಪಕ್ಕದ ಕೋಣೆಯಲ್ಲಿ ನಿಂತು ಸ್ಪ್ಯಾನರ್ ಹಾಕಿದವರು ಲಾಕರನ್ನು ಬಿಡಿಸಿಕೊಂಡು ಹೋಗಬಹುದು.

ನೆಲವೂ ಗೋಡೆಯೂ ನೆಚ್ಚುವಂತಿಲ್ಲದ ಮನೆಯಲ್ಲಿ ಅಡಿಪಾಯವನ್ನೇ ಹೊಸದಾಗಿ ಹಾಕಿ. ಎರಡಡಿ ಉದ್ದ, ಎರಡಡಿ ಅಗಲ, ಒಂದಡಿ ಆಳ ಅಗೆದು 1:1½:3 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟ್ ತುಂಬಿಸಿ. ಒಂದು ಚೀಲ ಸಿಮೆಂಟು ಸಾಕು, ಆದ ಗಟ್ಟಿಯ ತೂಕ ಸುಮಾರು 260 ಕೆ.ಜಿ. ಹಸಿ ಇರುವಾಗಲೇ ಜೆ ಆಕಾರದ 12 ಮಿ.ಮೀ. ಬೋಲ್ಟು ನಾಲ್ಕನ್ನು ಹೂಳಬೇಕು. ಅವು ಸರಿಯಾದ ಜಾಗದಲ್ಲಿ ನಿಲ್ಲಲು ಲಾಕರಿನ ತಳದ ತೂತುಗಳನ್ನು ಪ್ಲೈವುಡ್ ತುಂಡಿಗೆ ಗುರುತು ಹಾಕಿ ಕೊರೆದು, ಬೋಲ್ಟುಗಳನ್ನು ಅದರಿಂದ ಇಳಿಬಿಡಿ. ಏಳು ದಿನ ನೀರುಣಿಸಿ, ಆಮೇಲೆ ಲಾಕರ್ ಕೂರಿಸಿ.

ಎಲ್ಲಿ ಕೂರಿಸುವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇವೆ. ಮಳೆ ಹೊಡೆಯುವ ಹೊರಗೋಡೆ, ಬಚ್ಚಲಿನ ಗೋಡೆ ಬೇಡ. ಮನೆಯೊಳಗಿನ ಅಡ್ಡಗೋಡೆಯ ಮೂಲೆ ಆರಿಸಿ, ಬಾಗಿಲು ತೆರೆಯುವ ಬದಿ ಮೂಲೆಯ ಗೋಡೆಗೆ ಹತ್ತಿರ ಬರುವಂತೆ ನಿಲ್ಲಿಸಿ. ಹಾರೆ ಹಾಕಿ ಮೀಟಲು ಜಾಗವೇ ಸಿಗಬಾರದು.

ಪ್ರಶ್ನೆ: ಬೆಂಗಳೂರಿನ ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೇವೆ. ನೆಲ ಕೊರೆಯಬಹುದೇ?

ಸಂಘದ ಎಂಜಿನಿಯರ್ ಲಿಖಿತವಾಗಿ ಒಪ್ಪುವವರೆಗೆ ಒಂದು ತೂತನ್ನೂ ಕೊರೆಯಬೇಡಿ. ಈಚಿನ ಎಷ್ಟೋ ಕಟ್ಟಡಗಳಲ್ಲಿ ಪೋಸ್ಟ್ ಟೆನ್ಷನ್ ಸ್ಲ್ಯಾಬ್ ಇರುತ್ತದೆ. ಅದರೊಳಗಿನ ಉಕ್ಕಿನ ಕೇಬಲ್‌ಗಳನ್ನು ಭಾರೀ ಬಲದಿಂದ ಎಳೆದು ಕಟ್ಟಿರುತ್ತಾರೆ. ಡ್ರಿಲ್ ತಾಗಿ ಕೇಬಲ್ ತುಂಡಾದರೆ ಕೊರೆಯುವವರಿಗೂ ಕಟ್ಟಡಕ್ಕೂ ಅಪಾಯ. ಅಲ್ಯೂಮಿನಿಯಂ ಅಚ್ಚಿನಲ್ಲಿ ಎರೆದ ಕಾಂಕ್ರೀಟ್ ಗೋಡೆ ಇದ್ದರೆ ಅದಕ್ಕೆ 50–60 ಮಿ.ಮೀ. ಆಳದ ಬೋಲ್ಟ್ ಚೆನ್ನಾಗಿ ಹಿಡಿಯುತ್ತದೆ. ಒಳಗೆ ವೈರಿನ ಪೈಪು ಹೋಗಿರುತ್ತದೆ, ಡಿಟೆಕ್ಟರ್ ಹಿಡಿದು ನೋಡಿ ಕೊರೆಯಿರಿ. ಹಗುರ ಬ್ಲಾಕಿನ ಗೋಡೆಯಾದರೆ ರಾಳದ ಆಂಕರೇ ಬೇಕು. ಮನೆ ಮಾಲೀಕರು ಒಪ್ಪದಿದ್ದರೆ ಪರವಾನಗಿ ಇರುವ ಶಸ್ತ್ರಾಸ್ತ್ರ ವ್ಯಾಪಾರಿಯ ಬಳಿ ಠೇವಣಿ ಇಟ್ಟು ರಸೀದಿ ಪಡೆಯಿರಿ. ಮನೆ ಬದಲಿಸಿದಾಗ ಹೊಸ ವಿಳಾಸವನ್ನು ಪರವಾನಗಿ ಪ್ರಾಧಿಕಾರಕ್ಕೆ ತಿಳಿಸುವುದನ್ನು ಬಾಡಿಗೆದಾರರು ಹೆಚ್ಚಾಗಿ ಮರೆಯುತ್ತಾರೆ, ನೀವು ಮರೆಯಬೇಡಿ.

ಪ್ರಶ್ನೆ: ಒಳ್ಳೆಯ ಲಾಕರ್ ಕೊಂಡೆವು, ಬೆಂಕಿಯನ್ನೂ ತಡೆಯುವಂಥದ್ದು. ಒಂದೇ ಮಳೆಗಾಲದಲ್ಲಿ ಕೋವಿಗೆ ತುಕ್ಕು ಬಂತು. ಬೀರುವಿನಲ್ಲಿದ್ದಾಗ ಹೀಗಾಗಿರಲಿಲ್ಲ. — ಮಡಿಕೇರಿ

ಬೆಂಕಿ ತಡೆಯುವ ಗುಣವೇ ನಿಮಗೆ ತೊಂದರೆ ಕೊಟ್ಟಿದೆ. ಅಂಥ ಲಾಕರ್‌ಗಳ ಗೋಡೆಯೊಳಗೆ ಜಿಪ್ಸಮ್‌ನಂಥ, ನೀರಿನಂಶ ಹಿಡಿದಿಟ್ಟುಕೊಂಡ ವಸ್ತು ತುಂಬಿರುತ್ತಾರೆ. ಬೆಂಕಿ ಬಿದ್ದಾಗ ಆ ನೀರು ಆವಿಯಾಗಿ ಒಳಗಿನದನ್ನು ತಂಪಾಗಿಡುತ್ತದೆ. ಉಳಿದ ದಿನಗಳಲ್ಲಿ ಅದೇ ತೇವ ಒಳಗಿನ ಗಾಳಿಗೆ ಸೇರುತ್ತದೆ, ಬಿಗಿ ಬಾಗಿಲಿನಿಂದ ಹೊರಗೆ ಹೋಗುವುದಿಲ್ಲ. ಕಾಗದಪತ್ರಕ್ಕೆ ಅದು ಸರಿ. ಕೊಡಗಿನಂಥ ಕಡೆ ಕೋವಿಗೆ ಸಾದಾ ಉಕ್ಕಿನ ಲಾಕರೇ ಮೇಲು.

ಇದ್ದದ್ದನ್ನು ಸರಿಮಾಡಿಕೊಳ್ಳಲು ಮೊದಲು ತೇವ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ಒಂದನ್ನು ಒಳಗಿಡಿ. ಅದು ಸರಿ ತೋರಿಸುತ್ತದೆಯೇ ಎಂದು ಪರೀಕ್ಷಿಸುವುದು ಸುಲಭ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಕೆಲವು ಹನಿ ನೀರು ಬೆರೆಸಿ ಕೆಸರಿನಂತೆ ಮಾಡಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಶೇಕಡಾ 75 ತೋರಿಸಬೇಕು. 80 ತೋರಿಸಿದರೆ ಮುಂದೆ ಯಾವಾಗಲೂ ಐದು ಕಳೆದು ಓದಿ. ಲಾಕರಿನೊಳಗೆ ನಿಮ್ಮ ಗುರಿ 50ರ ಆಸುಪಾಸು. 65 ದಾಟಿದರೆ ತುಕ್ಕಿಗೆ ಅನುಕೂಲ, 40ಕ್ಕಿಂತ ಇಳಿದರೆ ಬಟ್‌ನ ಮರ ಒಣಗಿ ಬಿರುಕು ಬಿಡಬಹುದು.

ಅತ್ಯುತ್ತಮ ಉಪಾಯ 12ರಿಂದ 18 ವಾಟಿನ ಹೀಟರ್ ರಾಡ್. ತಳದಲ್ಲಿ ಅಡ್ಡವಾಗಿ ಕೂರಿಸಬೇಕು. ಹೊರಗೆ 20 ಡಿಗ್ರಿಯಲ್ಲಿ 90 ಇರುವ ತೇವಾಂಶ, ಒಳಗಿನ ಗಾಳಿ 25 ಡಿಗ್ರಿಗೆ ಬೆಚ್ಚಗಾದರೆ 66ಕ್ಕೆ ಇಳಿಯುತ್ತದೆ. ಬಲ್ಬು ಉರಿಸಿಡುವ ಹಳೆಯ ಪದ್ಧತಿ ಬೇಡ, ಬಟ್ಟೆಯೋ ಚರ್ಮವೋ ತಾಗಿದರೆ ಹೊತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರದ ಊರಾದರೆ ರಾಡಿನ ಜೊತೆಗೆ ಸಿಲಿಕಾ ಜೆಲ್ ಕೂಡ ಬೇಕು. ಮೇಲೆ ಹೇಳಿದ ಅಳತೆಯ ಲಾಕರಿಗೆ ಅರ್ಧ ಕೆ.ಜಿ. ಸಾಕು. ನೀಲಿ ಬಣ್ಣದ್ದರಲ್ಲಿ ಮೈಗೆ ಹಾನಿಕರವಾದ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ತನ್ನಿ. ಬಣ್ಣ ಬದಲಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಮೂರು ವಾರಕ್ಕೊಮ್ಮೆ ಇದು ಬೇಕಾಗುತ್ತದೆ. ಬಟ್ಟೆ ಬೀರುವಿಗೆಂದು ಮಾರುವ, ತೇವ ಹೀರಿ ನೀರಾಗುವ ಡಬ್ಬಿಗಳನ್ನು ಮಾತ್ರ ಕೋವಿಯ ಹತ್ತಿರ ತರಬೇಡಿ. ಅದು ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪು. ಒಂದು ಹನಿ ಚೆಲ್ಲಿದರೂ ನಳಿಗೆ ಹಾಳಾಗುತ್ತದೆ.

ಕೋವಿಯನ್ನು ಚರ್ಮದ ಚೀಲದಲ್ಲಿ, ಕ್ಯಾನ್ವಾಸ್ ಕವರಿನಲ್ಲಿ ಹಾಕಿ ಲಾಕರಿನೊಳಗೆ ಇಡುವುದೂ ತುಕ್ಕಿಗೆ ಕಾರಣ, ಅವು ತೇವ ಹಿಡಿದಿಡುತ್ತವೆ. ಬರಿಗೈಯಲ್ಲಿ ಮುಟ್ಟಿದ ಕಡೆಯೆಲ್ಲ ಬೆವರಿನ ಉಪ್ಪು ಉಳಿಯುತ್ತದೆ, ಇಡುವ ಮುಂಚೆ ಎಣ್ಣೆ ಬಟ್ಟೆಯಿಂದ ಒರೆಸಿ. ತೆಂಗಿನೆಣ್ಣೆ ಬೇಡ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಡಿಸೆಂಬರಿನ ಚಳಿಯಲ್ಲಿ ಒಳಗಿನ ಸ್ಪ್ರಿಂಗಿನ ಮೇಲೆ ಹೆಪ್ಪುಗಟ್ಟಿ, ಹಳೆಯದಾದಂತೆ ಅಂಟಾಗುತ್ತದೆ. ಕೋವಿಗೆಂದೇ ಸಿಗುವ ಎಣ್ಣೆಯ ತೆಳು ಪದರ ಸಾಕು. ಹೆಚ್ಚಾಗಿ ಹಚ್ಚಿದ್ದರೆ ಕೆಲ ದಿನ ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಿ, ಎಣ್ಣೆ ಇಳಿದು ಬಟ್‌ನ ಮರಕ್ಕೆ ಸೇರುವುದು ತಪ್ಪುತ್ತದೆ. ಕರಿಮದ್ದಿನ ಕೋವಿಯಾದರೆ ಎಣ್ಣೆಗೆ ಮುಂಚೆ ನಳಿಗೆಯನ್ನು ಬಿಸಿನೀರಿನಿಂದ ತೊಳೆದು ಒಣಗಿಸಲೇಬೇಕು. ಮದ್ದಿನ ಮಸಿ ತೇವ ಎಳೆಯುತ್ತದೆ, ಎಣ್ಣೆ ಅದನ್ನು ಕರಗಿಸುವುದಿಲ್ಲ.

ಪ್ರಶ್ನೆ: ರಾತ್ರಿ ಗದ್ದೆಗೆ ಹಂದಿ ಬಂದಾಗ ಬೀಗ ತೆಗೆದು, ತೋಟಾ ಹುಡುಕಿ ಹೊರಡುವಷ್ಟರಲ್ಲಿ ತಡವಾಗುತ್ತದೆ. ತುಂಬಿಸಿಯೇ ಬಾಗಿಲ ಹಿಂದೆ ಇಟ್ಟುಕೊಳ್ಳುವುದು ತಪ್ಪೇ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. — ಹೊಸನಗರ

ತಪ್ಪು. ದಯವಿಟ್ಟು ಇಂದೇ ಅಲ್ಲಿಂದ ತೆಗೆಯಿರಿ. ಲಾಕರ್ ತೆರೆದು, ಪಕ್ಕದ ಪೆಟ್ಟಿಗೆಯಿಂದ ಎರಡು ತೋಟಾ ತೆಗೆಯಲು ಅರ್ಧ ನಿಮಿಷ ಸಾಕು. ಚಪ್ಪಲಿ ಮೆಟ್ಟಿ, ಟಾರ್ಚ್ ಹಿಡಿದು ಗದ್ದೆಯ ಅಂಚಿಗೆ ಹೋಗಲು ಅದರ ಎಷ್ಟೋ ಪಟ್ಟು ಹೊತ್ತು ಬೇಕು. ಆ ಅರ್ಧ ನಿಮಿಷದಿಂದ ಪೈರು ಹೋಗುವುದಿಲ್ಲ. ಮಗುವಿನ ಕೈಗೆ ತುಂಬಿದ ಕೋವಿ ಸಿಗಲು ಅಷ್ಟೂ ಹೊತ್ತು ಬೇಡ.

ಬೇಗ ತೆಗೆಯಲೇಬೇಕೆಂದಿದ್ದರೆ ಯಾಂತ್ರಿಕವಾಗಿ ಗುಂಡಿ ಒತ್ತುವ ಬೀಗ ಹಾಕಿಸಿ, ಕತ್ತಲಲ್ಲೂ ಬೆರಳ ಅಂದಾಜಿನಲ್ಲಿ ತೆರೆಯಬಹುದು. ತೋಟಾಕ್ಕೆ ಬೇರೆ ಬೀಗ, ಬೇರೆ ಬೀಗದ ಕೈ. ನಳಿಗೆಯೊಳಗಿಂದ ಹಾಯಿಸುವ ಕೇಬಲ್ ಬೀಗವೂ ಒಳ್ಳೆಯದು, ಅದಿರುವಾಗ ಕೋವಿ ಮುಚ್ಚಿಕೊಳ್ಳುವುದೇ ಇಲ್ಲ. ಟ್ರಿಗರ್ ಬೀಗವನ್ನು ತುಂಬಿದ ಕೋವಿಗೆ ಎಂದೂ ಹಾಕಬೇಡಿ, ಹಾಕುವಾಗಲೇ ಟ್ರಿಗರ್ ಒತ್ತಬಹುದು. ಹೊರಗೆ ಕುದುರೆ (ತೋಟಾಕ್ಕೆ ಹೊಡೆಯುವ ಸುತ್ತಿಗೆ) ಕಾಣದ ಜೋಡುನಳಿಗೆ ಕೋವಿಗಳು ಮಡಚಿದಾಗ ತಾವೇ ಬಿಗಿದುಕೊಳ್ಳುತ್ತವೆ. ಸ್ಪ್ರಿಂಗ್ ಬಿಗಿದೇ ಇರಬಾರದೆಂದು ಖಾಲಿ ಟ್ರಿಗರ್ ಎಳೆಯುವವರಿದ್ದಾರೆ. ಅದಕ್ಕೆ ಸ್ನ್ಯಾಪ್ ಕ್ಯಾಪ್ ಎಂಬ ಡಮ್ಮಿ ತೋಟಾ ಸಿಗುತ್ತದೆ, ಅದನ್ನು ಹಾಕಿ ಎಳೆಯಿರಿ.

ತೋಟಾಗಳನ್ನು ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟರೆ ಹಿತ್ತಾಳೆ ತಲೆಗೆ ಕಿಲುಬು ಹತ್ತುತ್ತದೆ. ಹಳೆಯ ಕಾಗದದ ತೋಟಾ ತೇವಕ್ಕೆ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಅಂಥದ್ದನ್ನು ಬಲವಂತವಾಗಿ ತುರುಕಬೇಡಿ. ಕರಿಮದ್ದನ್ನು ಗಟ್ಟಿ ಉಕ್ಕಿನ ಪೆಟ್ಟಿಗೆಯಲ್ಲಿ ಬಿಗಿಯಾಗಿ ಮುಚ್ಚಿಡುವುದು ಅಪಾಯ, ಬೆಂಕಿ ತಾಗಿದರೆ ಪೆಟ್ಟಿಗೆಯೇ ಸಿಡಿಯುತ್ತದೆ. ಅದರ ಮೂಲ ಡಬ್ಬಿಯಲ್ಲೇ, ಬೀಗ ಹಾಕಿದ ಮರದ ಪೆಟ್ಟಿಗೆಯಲ್ಲಿ, ಒಲೆಯಿಂದ ದೂರ ಇರಲಿ.

ಪ್ರಶ್ನೆ: ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ) ಹಿರಿಯರ ಕೋವಿಯನ್ನು ಗೋಡೆಗೆ ತೂಗುಹಾಕಿದ್ದೇವೆ. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬಕ್ಕೆ ಮಾತ್ರ ಇಳಿಸುವುದು. ಹಾಗೇ ಇರಬಹುದೇ? — ವಿರಾಜಪೇಟೆ

ಆ ಮನೆಯಲ್ಲಿ ವರ್ಷವಿಡೀ ಯಾರೂ ವಾಸವಿಲ್ಲದಿದ್ದರೆ ಇರಬಾರದು. ಕೀಲು ಸವೆದ ಹಳೆಯ ಕೋವಿಯೂ ಹಾರುತ್ತದೆ, ಕದಿಯುವವರಿಗೆ ಅಷ್ಟೇ ಸಾಕು. ವಾಸವಿರುವ ಮನೆಯ ಲಾಕರಿನಲ್ಲಿಟ್ಟು ಹಬ್ಬಕ್ಕೆ ತನ್ನಿ. ಪೂಜೆಯಲ್ಲಿ ಗಂಧ, ಕುಂಕುಮವನ್ನು ಉಕ್ಕಿನ ಭಾಗಕ್ಕೆ ಹಚ್ಚದೆ ಬಟ್‌ನ ಮರಕ್ಕೆ ಹಚ್ಚಿ. ತೋಕ್ ಪೂ ಎಂಬ ಹೂವು ಸಿಕ್ಕಿಸಿದ ನಳಿಗೆಯ ಬಾಯಿಯನ್ನು ಅದೇ ಸಂಜೆ ಒಣಬಟ್ಟೆಯಿಂದ ಒರೆಸಿ ಎಣ್ಣೆ ಹಚ್ಚಿ, ಹೂವಿನ ನೀರಿನಂಶ ಒಂದೇ ರಾತ್ರಿಯಲ್ಲಿ ಕಲೆ ಮಾಡುತ್ತದೆ. ತೂಗುಹಾಕಿದ ಗೂಟದ ಜಾಗ ಖಾಲಿ ಕಾಣುವುದು ಬೇಡವೆಂದಿದ್ದರೆ ಅಲ್ಲಿ ಒಡಿಕತ್ತಿ, ಪೀಚೆಕತ್ತಿಗಳನ್ನು ಗಾಜಿನ ಚೌಕಟ್ಟಿನಲ್ಲಿ ಇಡಬಹುದು.

ಪ್ರಶ್ನೆ: ತಂದೆಯವರು ತೀರಿಕೊಂಡರು. ಅವರ ಕೋವಿ ಲಾಕರಿನಲ್ಲಿದೆ, ಬೀಗದ ಕೈ ಸಿಗುತ್ತಿಲ್ಲ. ಬೀಗದವರನ್ನು ಕರೆಸಿ ಒಡೆಸಬಹುದೇ? — ಸಕಲೇಶಪುರ

ಮೊದಲು ಪೊಲೀಸ್ ಠಾಣೆಗೆ ಹೋಗಿ. ಪರವಾನಗಿ ನಿಮ್ಮ ತಂದೆಯವರ ಹೆಸರಿನಲ್ಲಿತ್ತು. ಈಗ ಆ ಕೋವಿಯನ್ನು ತಡಮಾಡದೆ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು. ಮರಣ ಪ್ರಮಾಣಪತ್ರದ ಪ್ರತಿ, ಪರವಾನಗಿ ಪುಸ್ತಕ ಅಥವಾ ಅದರ ಪ್ರತಿ ಒಯ್ದು, ಕೋವಿ ಬೀಗ ಹಾಕಿದ ಲಾಕರಿನಲ್ಲಿದೆ, ತೆರೆಯಬೇಕಾಗಿದೆ ಎಂದು ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಆಮೇಲೆ ಠಾಣೆಯವರ ಎದುರೇ ಬೀಗದವರಿಂದ ತೆರೆಸಿ. ಗ್ಯಾಸ್ ಕಟ್ಟರ್, ಗ್ರೈಂಡರ್ ಹಾಕಿಸಬೇಡಿ, ಒಳಗೆ ತೋಟಾ ಇರಬಹುದು. ಬೀಗದ ಜಾಗದಲ್ಲಿ ಡ್ರಿಲ್ ಮಾಡಿಸುವುದು ಸಾಕು. ತೆರೆದ ಮೇಲೆ ಕೋವಿಯ ಮೇಲಿನ ನಂಬರ್, ತೋಟಾಗಳ ಎಣಿಕೆಯನ್ನು ಪರವಾನಗಿ ಪುಸ್ತಕದ ಜೊತೆ ತಾಳೆ ನೋಡಿ, ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ. ಕೋವಿಯನ್ನು ನೀವೇ ಇಟ್ಟುಕೊಳ್ಳುವ ಇಚ್ಛೆ ಇದ್ದರೆ ಠೇವಣಿಯ ರಸೀದಿ ಸೇರಿಸಿ ನಿಮ್ಮ ಹೆಸರಿಗೆ ಅರ್ಜಿ ಹಾಕಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಸಾಮಾನ್ಯವಾಗಿ ಎರಡೇ ಕೋವಿ, ಆದ್ದರಿಂದ ನಿಮ್ಮ ಬಳಿ ಈಗಾಗಲೇ ಎರಡಿದ್ದರೆ ಮನೆಯ ಇನ್ನೊಬ್ಬರು ಅರ್ಜಿ ಹಾಕಬೇಕಾಗುತ್ತದೆ. ಲಾಕರಿಗೆ ಹೊಸ ಬೀಗ ಹಾಕಿಸುವಾಗ ಡ್ರಿಲ್ ಆದ ತೂತಿನ ಹಿಂದೆ ಗಡಸು ಪ್ಲೇಟನ್ನು ಹೊಸದಾಗಿ ವೆಲ್ಡ್ ಮಾಡಿಸಿಕೊಳ್ಳಿ.